ಕೂಸಿನ ಜುಲಾಬು, ಊರಿನ ಪರೀಕ್ಷೆ



ಮುಂಗಾರಿನ ಮೊದಲ ಮಳೆ ಬಿದ್ದು ಹಳ್ಳಕೊಳ್ಳಗಳಲ್ಲಿ ಹೊಸ ನೀರು ಹರಿಯತೊಡಗಿತೆಂದರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಕೂಸಿಗೆ ಜುಲಾಬ ಹತ್ತ್ಯಾವ್ರೀ." ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಕಪ್ಪತಗುಡ್ಡದ ಮಗ್ಗುಲಿಗಿರುವ ಡಂಬಳದಲ್ಲೂ ಇದೇ ಮಾತು, ಅದರ ಸುತ್ತಲಿನ ಹಳ್ಳಿಗಳಲ್ಲೂ ಇದೇ ಮಾತು. ಯಾಕೆ ಹತ್ತಿದವು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಲ್ಲು ಬರುವ ಹೊತ್ತು, ಅದಕ್ಕೇ ಆಗುತ್ತದೆ ಎನ್ನುತ್ತಾಳೆ ಅಜ್ಜಿ. ಯಾರದೋ ದೃಷ್ಟಿ ತಾಗಿದೆ ಎನ್ನುತ್ತಾರೆ ನೆರೆಯವರು. ನೀರು ಬದಲಾಗಿದೆ ಎನ್ನುತ್ತಾನೆ ಅಪ್ಪ. ಇನ್‌ಫೆಕ್ಷನ್ ಆಗಿದೆ ಎಂದು ಬರೆದುಕೊಡುತ್ತಾರೆ ಡಾಕ್ಟರು. ನಿಜ ಹೇಳಬೇಕೆಂದರೆ, ಆ ಮಗುವಿನ ಕರುಳಿನಲ್ಲಿ ಯಾವ ಜೀವಾಣು ಸೇರಿಕೊಂಡಿದೆ ಎಂಬುದು ಈ ನಾಲ್ವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತು ಮಾಡಿಕೊಳ್ಳುವ ಉಪಾಯ ಮಾತ್ರ ಈಗ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದಿದೆ. ಅದರ ಬಗ್ಗೆ, ಅದನ್ನು ಯಾರಿಗಾಗಿ ಬಳಸಬೇಕು ಎಂಬುದರ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಪರೀಕ್ಷೆಯ ಮಾತಿಗೆ ಮೊದಲು ಪ್ರಾಣದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ಪ್ರತಿ ವರ್ಷ ಭೇದಿಯಿಂದ ತೀರಿಕೊಳ್ಳುತ್ತಾರೆ. ಇವರಲ್ಲಿ ಬಹಳ ಮಕ್ಕಳನ್ನು ಕೊಲ್ಲುವುದು ರೋಗಾಣುವಿಗಿಂತ ಹೆಚ್ಚಾಗಿ ಮೈಯಿಂದ ಹರಿದುಹೋದ ನೀರು ಮತ್ತು ಉಪ್ಪಿನ ಕೊರತೆ. ಆ ಕೊರತೆ ತುಂಬುವುದಕ್ಕೆ ರೋಗಾಣುವಿನ ಹೆಸರು ಬೇಕಾಗಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾವಿನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡಾ. ದಿಲೀಪ್ ಮಹಲನೊಬಿಸ್ ಅವರು ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅದೇ ಇವತ್ತಿನ ಓಆರ್‌ಎಸ್.

ಆದರೂ ಇಂದಿಗೂ ತಾಯಂದಿರು ಹೇಳುವುದನ್ನು ಕೇಳಿದ್ದೇನೆ: "ಹಾಕಿದ್ದೆಲ್ಲಾ ಹಂಗ ಹೊರಗ ಹೊಕ್ಕೈತ್ರೀ ಸರ, ಅದಕ್ಕ ನೀರು ಕೊಡೋದ ಬಿಟ್ಟೇವ್ರೀ." ಅವರಿಗೆ ನಾನು ಹೇಳುವುದಿಷ್ಟೇ: "ಯವ್ವಾ, ಹೊರಗ ಹೋಗೋದು ಇವತ್ತ ನಿಲ್ಲಂಗಿಲ್ಲ. ಒಳಗ ಹೋಗೋದು ನಿಂತರ ಕೂಸು ಒಣಗತೈತಿ. ಚಮಚೆ ಚಮಚೆ ಕೊಡ್ರಿ, ವಾಂತಿ ಆದ್ರ ಹತ್ತು ನಿಮಿಷ ಬಿಟ್ಟು ಮತ್ತ ಕೊಡ್ರಿ." ಎದೆಹಾಲು ನಿಲ್ಲಿಸಬಾರದು. ಗಂಜಿ, ಮೆತ್ತಗಿನ ಅನ್ನ, ಮಜ್ಜಿಗೆ ನಡೆದೇ ಇರಬೇಕು. ಇನ್ನೊಂದು ತಪ್ಪನ್ನೂ ನೋಡುತ್ತೇನೆ. ಓಆರ್‌ಎಸ್ ಪೊಟ್ಟಣವನ್ನು ಒಂದು ವಾಟಗ ನೀರಿಗೆ ಸುರಿಯುತ್ತಾರೆ, ಇಲ್ಲವೇ ಅರ್ಧ ಪೊಟ್ಟಣ ಕಲಸಿ ಇನ್ನರ್ಧ ನಾಳೆಗಿಡುತ್ತಾರೆ. ದೊಡ್ಡ ಪೊಟ್ಟಣದಲ್ಲಿರುವುದು 20.5 ಗ್ರಾಂ. ಅದು ಪೂರ್ತಿ ಒಂದು ಲೀಟರ್ ನೀರಿಗೆ ಎಂದು ಅಳೆದು ಮಾಡಿದ್ದು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ, ಪುಡಿ ಕಡಿಮೆಯಾದರೆ ಉಪಯೋಗವಿಲ್ಲ. ಕಲಸಿದ್ದನ್ನು ಒಂದು ದಿನದೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಇದರ ಜೊತೆಗೆ ಜಿಂಕ್ ಮಾತ್ರೆ: ಎರಡರಿಂದ ಆರು ತಿಂಗಳವರೆಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ್ದರೆ 20 ಮಿಲಿಗ್ರಾಂ, ಜುಲಾಬು ನಿಂತರೂ ಪೂರ್ತಿ 14 ದಿನ.

ಹಾಗಾದರೆ ರೋಗಾಣುವಿನ ಹೆಸರು ಹಿಡಿಯುವ ಪರೀಕ್ಷೆ ಯಾಕೆ ಬೇಕು? ಮಗುವಿಗೆ ಅದರಿಂದ ಆಗುವುದೇನು? ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಆಗುವುದು ಏನೂ ಇಲ್ಲ ಎಂದೇ ನಾನು ಹೇಳುತ್ತೇನೆ. ವರದಿ ಬರುವ ಹೊತ್ತಿಗೆ ಮಗು ಎದ್ದು ಆಡುತ್ತಿರುತ್ತದೆ. ಪರೀಕ್ಷೆ ಬೇಕಾಗಿರುವುದು ಊರಿಗೆ.

2021ರಲ್ಲಿ ತುಂಗಭದ್ರೆಯ ಆಚೆ ದಂಡೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ವಾಂತಿಭೇದಿ ಊರಿಗೆ ಊರನ್ನೇ ಮಲಗಿಸಿತು, ಹಲವರು ಜೀವ ಕಳೆದುಕೊಂಡರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರಾಜ್ಯ ಸರ್ಕಾರಕ್ಕೆ ನೋಟಿಸ್ ಕಳಿಸಿತು. 2023ರಲ್ಲಿ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಗ್ರಾಮಗಳಿಂದ ಇಂಥದೇ ಸುದ್ದಿ ಬಂತು. ಮಕರಬ್ಬಿಯೆಂದರೆ ನಮಗೆ ದೂರದ ಊರಲ್ಲ, ಹೊಳೆ ದಾಟಿದರೆ ಸಿಗುವ ಸೀಮೆ. ಹೆಣ್ಣು ಕೊಟ್ಟು ತಂದ ಊರುಗಳವು. ಪತ್ರಿಕೆಯಲ್ಲಿ "ಕಲುಷಿತ ನೀರು ಸೇವನೆ" ಎಂದು ಓದಿ ನಾವು ಪುಟ ತಿರುಗಿಸುತ್ತೇವೆ. ಏನು ಸೇರಿ ಕಲುಷಿತವಾಯಿತು, ಅದು ಎಲ್ಲಿಂದ ಬಂತು, ಮುಂದಿನ ಮಳೆಗಾಲಕ್ಕೂ ಅದು ಅಲ್ಲೇ ಇದೆಯೇ ಎಂಬ ಪ್ರಶ್ನೆಗಳು ಆ ಪುಟದೊಂದಿಗೇ ಮುಚ್ಚಿಹೋಗುತ್ತವೆ. ನನ್ನ ತಕರಾರು ಇರುವುದು ಇಲ್ಲಿ.

ಭೇದಿ ತರುವ ಬ್ಯಾಕ್ಟೀರಿಯಾಗಳ ಕತೆ ಹಳೆಯದು. 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾ ರೋಗಿಗಳಲ್ಲೂ ಅವರು ಬಳಸುತ್ತಿದ್ದ ಕೆರೆಯ ನೀರಿನಲ್ಲೂ ಒಂದೇ ಜೀವಾಣುವನ್ನು ಕಂಡರು. ನಮ್ಮ ಹಿರಿಯರು ಪಟಕಿ ಎನ್ನುತ್ತಿದ್ದುದು ಇದೇ ಬೇನೆ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ರಕ್ತಭೇದಿಯ ಜೀವಾಣುವನ್ನು ಗುರುತಿಸಿದರು, ಅದಕ್ಕೆ ಅವರದೇ ಹೆಸರು ನಿಂತು ಶಿಗೆಲ್ಲಾ ಎಂದಾಯಿತು. ಅದಕ್ಕೂ ಮುಂಚೆ, 1885ರಲ್ಲಿ, ಥಿಯೊಡೊರ್ ಎಶರಿಕ್ ಎಂಬ ಮಕ್ಕಳ ವೈದ್ಯರು ಎಳೆಗೂಸುಗಳ ಮಲದಲ್ಲಿ ಒಂದು ಸಾಮಾನ್ಯ ಜೀವಾಣುವನ್ನು ಕಂಡಿದ್ದರು. ಇ. ಕೋಲಿ ಎಂದು ಇಂದು ಕರೆಯುವುದು ಅದನ್ನೇ. ನಿಮ್ಮ ಹೊಟ್ಟೆಯಲ್ಲೂ ಇದೆ, ನನ್ನ ಹೊಟ್ಟೆಯಲ್ಲೂ ಇದೆ, ಹುಟ್ಟಿದ ಕೆಲವೇ ದಿನಗಳಲ್ಲಿ ಪ್ರತಿ ಕೂಸಿನ ಕರುಳಿಗೂ ಅದು ಸೇರುತ್ತದೆ. ಬಹುಪಾಲು ಇ. ಕೋಲಿಗಳಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಕೊಡುವ ಕೆಲವು ಬಗೆಗಳು ಮಾತ್ರ ಅದೇ ವೇಷದಲ್ಲಿ ಒಳಗೆ ಬರುತ್ತವೆ.

ಪ್ರಯೋಗಾಲಯದವರ ಕಷ್ಟ ಇರುವುದೇ ಈ ವೇಷದಲ್ಲಿ. ನೂರು ವರ್ಷಗಳಿಂದ ನಡೆದುಬಂದ ಪದ್ಧತಿ ಕಲ್ಚರ್. ಮಲದ ಮಾದರಿಯನ್ನು ಪೋಷಕಾಂಶ ತುಂಬಿದ ಗಾಜಿನ ತಟ್ಟೆಯ ಮೇಲೆ ಸವರಿ, 37 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಇಟ್ಟು, ಬೆಳೆದ ಚುಕ್ಕೆಗಳನ್ನು ಬಣ್ಣ, ಆಕಾರ ನೋಡಿ ಗುರುತಿಸುವುದು. ಕಾಲರಾ ಜೀವಾಣು ತನ್ನದೇ ತಟ್ಟೆಯಲ್ಲಿ ಹಳದಿಯಾಗಿ ಬೆಳೆದು ಸಿಕ್ಕಿಬೀಳುತ್ತದೆ. ಒಳ್ಳೆಯ ಇ. ಕೋಲಿ ಮತ್ತು ಕೆಟ್ಟ ಇ. ಕೋಲಿ ಎರಡೂ ಒಂದೇ ಗುಲಾಬಿ ಬಣ್ಣದಲ್ಲಿ, ಒಂದೇ ಗಾತ್ರದಲ್ಲಿ ಬೆಳೆದು ನಿಲ್ಲುತ್ತವೆ. ಮುಂಡರಗಿ ಸೀಮೆಯ ರೈತರಿಗೆ ಇದನ್ನು ತಿಳಿಸುವುದು ಸುಲಭ. ಬಿಟಿ ಹತ್ತಿ ಗಿಡವನ್ನೂ ಬಿಟಿ ಅಲ್ಲದ ಹತ್ತಿ ಗಿಡವನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಕಣ್ಣಿಗೆ ಭೇದ ಕಾಣುವುದಿಲ್ಲ. ಎಲೆ ಒಂದೇ, ಹೂ ಒಂದೇ, ಕಾಯಿ ಒಂದೇ. ಒಳಗಿರುವ ಜೀನ್ ಮಾತ್ರ ಬೇರೆ, ಹುಳುವನ್ನು ಕೊಲ್ಲುವ ವಿಷ ತಯಾರಿಸುವುದು ಆ ಜೀನ್. ಬೀಜ ಅಸಲಿಯೋ ನಕಲಿಯೋ ತಿಳಿಯಬೇಕಾದರೆ ಆ ಜೀನನ್ನೇ ಹುಡುಕಬೇಕು.

ಕಲ್ಚರ್‌ಗೆ ಇನ್ನೂ ಎರಡು ತೊಡಕುಗಳಿವೆ. ಶಿಗೆಲ್ಲಾ ಬಹಳ ಸೂಕ್ಷ್ಮ. ಮೈಯಿಂದ ಹೊರಬಿದ್ದ ಮಲದಲ್ಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಬೇಸಿಗೆಯ ಬಿಸಿಲಲ್ಲಿ ಡಬ್ಬಿಯನ್ನು ಬಸ್ಸಿನಲ್ಲಿಟ್ಟು ಜಿಲ್ಲಾ ಕೇಂದ್ರಕ್ಕೆ ಕಳಿಸಿದರೆ ತಟ್ಟೆಯಲ್ಲಿ ಬೆಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಕ್ಯಾಂಪಿಲೋಬ್ಯಾಕ್ಟರ್ ಎಂಬ ಇನ್ನೊಂದು ಜೀವಾಣು ಮಾಮೂಲಿ ಗಾಳಿಯಲ್ಲಿ ಬೆಳೆಯುವುದೇ ಇಲ್ಲ. ಆಮ್ಲಜನಕ ಕಡಿಮೆ ಮಾಡಿದ ಡಬ್ಬಿ, 42 ಡಿಗ್ರಿ ಶಾಖ, ಎರಡು ದಿನದ ಕಾವಲು ಅದಕ್ಕೆ ಬೇಕು. ಸಣ್ಣ ಪ್ರಯೋಗಾಲಯಗಳು ಅದರ ಗೋಜಿಗೇ ಹೋಗುವುದಿಲ್ಲ. ಇದಕ್ಕೆಲ್ಲ ಕಳಶವಿಟ್ಟಂತೆ, ಮಗು ಆಸ್ಪತ್ರೆಗೆ ಬರುವ ಮೊದಲೇ ಔಷಧಿ ಅಂಗಡಿಯ ಆಂಟಿಬಯಾಟಿಕ್ ಅದರ ಹೊಟ್ಟೆ ಸೇರಿರುತ್ತದೆ. ವರದಿಯಲ್ಲಿ "ರೋಗಕಾರಕ ಜೀವಾಣು ಕಂಡುಬಂದಿಲ್ಲ" ಎಂದು ಬರುತ್ತದೆ. ಕಂಡುಬಂದಿಲ್ಲ ಎಂದರೆ ಇರಲಿಲ್ಲ ಎಂದಲ್ಲ.

ಈಗ ಪಿಸಿಆರ್ ವಿಷಯ. ಕೊರೊನಾ ಕಾಲದಲ್ಲಿ ಈ ಮೂರಕ್ಷರ ಕೇಳದವರಿಲ್ಲ. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಕೊಂಡ ವಿಧಾನ ಇದು, 1993ರಲ್ಲಿ ಅವರಿಗೆ ನೊಬೆಲ್ ಬಂತು. ಮಲದ ಮಾದರಿಯಿಂದ ಮೊದಲು ಡಿಎನ್‌ಎ ಬೇರ್ಪಡಿಸಬೇಕು. ಹೇಳುವಷ್ಟು ಸುಲಭದ ಕೆಲಸವಲ್ಲ ಅದು. ಮಲದಲ್ಲಿರುವ ಪಿತ್ತದ ಲವಣಗಳೂ ಜೀರ್ಣವಾಗದ ಆಹಾರದ ಅಂಶಗಳೂ ಪರೀಕ್ಷೆಯನ್ನೇ ಕೆಡಿಸುತ್ತವೆ. ಅವನ್ನು ತೊಳೆದು ತೆಗೆಯುವುದರಲ್ಲೇ ತಂತ್ರಜ್ಞರ ಅರ್ಧ ಕೌಶಲ ಇದೆ. ಶುದ್ಧವಾದ ಡಿಎನ್‌ಎಯನ್ನು ಬೆರಳಿನ ತುದಿಗಿಂತ ಸಣ್ಣ ಕೊಳವೆಯಲ್ಲಿ ಹಾಕಿ ಯಂತ್ರದಲ್ಲಿಡುತ್ತಾರೆ. 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಸುಮಾರು 55-60 ಡಿಗ್ರಿಗೆ ಇಳಿಸಿದಾಗ, ನಾವು ಹುಡುಕುತ್ತಿರುವ ಜೀನಿಗೆ ಮಾತ್ರ ಹೊಂದುವಂತೆ ತಯಾರಿಸಿದ ಡಿಎನ್‌ಎ ತುಣುಕುಗಳು ತಮ್ಮ ಜಾಗ ಹುಡುಕಿ ಕೂರುತ್ತವೆ. ಆ ಜೀನ್ ಇಲ್ಲದಿದ್ದರೆ ಕೂರಲು ಜಾಗವಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಇದ್ದರೆ 72 ಡಿಗ್ರಿಯಲ್ಲಿ ಒಂದು ಕಿಣ್ವ ಆ ಭಾಗವನ್ನು ನಕಲು ಮಾಡುತ್ತದೆ. ಈ ಕಿಣ್ವ ಕುದಿಯುವಂಥ ಶಾಖಕ್ಕೂ ಕೆಡದಿರುವುದಕ್ಕೆ ಕಾರಣ, ಅದರ ಮೂಲ ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ 1960ರ ದಶಕದಲ್ಲಿ ಕಂಡ ಒಂದು ಬ್ಯಾಕ್ಟೀರಿಯಾ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಇನ್ನೊಂದು ಸುತ್ತಿಗೆ ನಾಲ್ಕು, ಮತ್ತೊಂದಕ್ಕೆ ಎಂಟು. ಮೂವತ್ತು ಸುತ್ತು ಮುಗಿಯುವಾಗ ನೂರು ಕೋಟಿ ದಾಟುತ್ತದೆ. ಇಷ್ಟಕ್ಕೆ ಎರಡು ಗಂಟೆ ಸಾಕು. ಜೀವಾಣು ದಾರಿಯಲ್ಲೇ ಸತ್ತಿದ್ದರೂ ಅದರ ಜೀನ್ ಉಳಿದಿರುತ್ತದೆ, ಆದ್ದರಿಂದ ಶಿಗೆಲ್ಲಾ ಕೂಡ ತಪ್ಪಿಸಿಕೊಳ್ಳುವುದಿಲ್ಲ.

ಹುಡುಕುವ ಜೀನ್ ಯಾವುದು? ಒಂದೊಂದು ದುಷ್ಟ ಇ. ಕೋಲಿಗೂ ಒಂದೊಂದು ಆಯುಧ ಇದೆ, ಆ ಆಯುಧ ಮಾಡುವ ಜೀನನ್ನೇ ಹುಡುಕುತ್ತಾರೆ. ಒಂದು ಬಗೆ ಕರುಳಿನಿಂದ ನೀರನ್ನು ಹೊರಸೆಳೆಯುವ ಎಲ್‌ಟಿ, ಎಸ್‌ಟಿ ಎಂಬ ವಿಷಗಳನ್ನು ಕಕ್ಕುತ್ತದೆ, ಅದನ್ನು ಇಟೆಕ್ ಎನ್ನುತ್ತಾರೆ. ಇನ್ನೊಂದು ಕರುಳಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಅದರ ಜೀನ್ ಇಎಇ. ಮತ್ತೊಂದು ಗುಂಪುಗುಂಪಾಗಿ ಜಮಾಯಿಸಿ ವಾರಗಟ್ಟಲೆ ಹೊಟ್ಟೆ ಕೆಡಿಸುತ್ತದೆ, ಅದಕ್ಕೆ ಎಗ್‌ಆರ್ ಎಂಬ ಜೀನ್. ಶಿಗೆಲ್ಲಾಕ್ಕೆ ಇಪಾ-ಎಚ್. ಇವನ್ನೆಲ್ಲ ಒಂದೇ ಕೊಳವೆಯಲ್ಲಿ ಒಟ್ಟಿಗೆ ಹುಡುಕುವುದಕ್ಕೆ ಮಲ್ಟಿಪ್ಲೆಕ್ಸ್ ಪಿಸಿಆರ್ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಈ ಕೆಲಸ ಹೊಸದೇನಲ್ಲ. ಮಣಿಪಾಲ ಮತ್ತು ಮಂಗಳೂರಿನಲ್ಲಿ ಡಾ. ಮಮತಾ ಬಲ್ಲಾಳ್ ಮತ್ತು ಸಹೋದ್ಯೋಗಿಗಳು ಭೇದಿ ತರುವ ಇ. ಕೋಲಿಗಳನ್ನು ಮಲ್ಟಿಪ್ಲೆಕ್ಸ್ ಪಿಸಿಆರ್‌ನಿಂದ ಪತ್ತೆಹಚ್ಚಿದ ಅಧ್ಯಯನ 2012ರಲ್ಲೇ ಪ್ರಕಟವಾಗಿದೆ. ಕರಾವಳಿಗೆ ಸಾಧ್ಯವಾದದ್ದು ಬಯಲುಸೀಮೆಗೂ ಸಾಧ್ಯವಾಗಬೇಕು. ಕರಾವಳಿಯ ಮಳೆ ಬೇರೆ, ಬಾವಿ ಬೇರೆ, ಊಟ ಬೇರೆ. ಅಲ್ಲಿನ ಉತ್ತರವನ್ನು ತಂದು ಕಪ್ಪತಗುಡ್ಡದ ಬುಡದ ಮಕ್ಕಳಿಗೆ ಅಂಟಿಸಲಾಗದು.

ಹೆಸರು ತಿಳಿದರೆ ಏನು ಲಾಭ ಎಂಬ ಪ್ರಶ್ನೆಗೆ ಈಗ ಬರೋಣ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ. ಹೆಸರು ಗೊತ್ತಾದರೆ ಅದು ಬಂದ ದಾರಿ ಗೊತ್ತಾಗುತ್ತದೆ. ಕಾಲರಾ ಮತ್ತು ಇಟೆಕ್ ಜೀವಾಣುಗಳು ಒಬ್ಬ ಆರೋಗ್ಯವಂತನನ್ನು ಬೀಳಿಸಬೇಕಾದರೆ ಲಕ್ಷಗಟ್ಟಲೆ, ದಶಲಕ್ಷಗಟ್ಟಲೆ ಒಳಗೆ ಹೋಗಬೇಕು. ಅಷ್ಟು ಸಂಖ್ಯೆಯಲ್ಲಿ ಹೋಗುವುದು ಕೊಳಚೆ ಬೆರೆತ ನೀರಿನಿಂದ, ಬೆಳಿಗ್ಗೆ ಮಾಡಿ ರಾತ್ರಿಯವರೆಗೆ ಬೆಚ್ಚಗಿನ ಮೂಲೆಯಲ್ಲಿಟ್ಟ ಊಟದಿಂದ. ಊರಿನಲ್ಲಿ ಇವೇ ಹೆಚ್ಚಾಗಿ ಸಿಕ್ಕರೆ ನೀರಿನ ಪೈಪು ನೋಡಬೇಕು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಬಿದ್ದಿದೆಯೇ ನೋಡಬೇಕು. ಶಿಗೆಲ್ಲಾ ಹಾಗಲ್ಲ. ನೂರು ಜೀವಾಣು ಸಾಕು, ಕೆಲವೊಮ್ಮೆ ಹತ್ತೂ ಸಾಕು. ಅದು ಇರುವುದು ಮನುಷ್ಯರ ಹೊಟ್ಟೆಯಲ್ಲಿ, ದನಕರುಗಳಲ್ಲಲ್ಲ. ಸಂಡಾಸಕ್ಕೆ ಹೋಗಿಬಂದು ತೊಳೆಯದ ಕೈಯ ಉಗುರಿನಲ್ಲಿ, ನೊಣದ ಕಾಲಿನಲ್ಲಿ ಅಷ್ಟು ಧಾರಾಳವಾಗಿ ಬರುತ್ತದೆ. ಇಸ್ರೇಲಿನ ಸೇನಾ ಶಿಬಿರಗಳಲ್ಲಿ ನೊಣ ಹಿಡಿಯುವ ಬೋನುಗಳನ್ನಿಟ್ಟಾಗಲೇ ಶಿಗೆಲ್ಲಾ ಭೇದಿ ಬಹುಮಟ್ಟಿಗೆ ಇಳಿದದ್ದು 1991ರಲ್ಲಿ ವರದಿಯಾಗಿದೆ. ಅಂಥ ಊರಿನಲ್ಲಿ ನೀರನ್ನು ಎಷ್ಟು ಶುದ್ಧ ಮಾಡಿದರೂ ಭೇದಿ ನಿಲ್ಲದು. ಸಾಬೂನು, ಶೌಚಾಲಯ, ತಿಪ್ಪೆ ನೋಡಬೇಕಾಗುತ್ತದೆ. ಕ್ಯಾಂಪಿಲೋಬ್ಯಾಕ್ಟರ್ ಹೆಚ್ಚಾಗಿ ಸಿಕ್ಕಿತೆನ್ನಿ. ಆಗ ಕೋಳಿಗಳ ಕಡೆ ತಿರುಗಬೇಕು. ನಮ್ಮ ಹಳ್ಳಿಗಳಲ್ಲಿ ಜವಾರಿ ಕೋಳಿಗಳು ಅಂಗಳದಲ್ಲಿ ಓಡಾಡಿ ಪಡಸಾಲೆಯಲ್ಲೇ ಕೂರುತ್ತವೆ. ಅಂಬೆಗಾಲಿಡುವ ಕೂಸು ಅದೇ ನೆಲದಲ್ಲಿ ಕೈಯೂರಿ, ಅದೇ ಕೈ ಬಾಯಿಗಿಡುತ್ತದೆ. ರಾತ್ರಿ ಕೋಳಿಗೂಡು ಮನೆಯ ಹೊರಗಿರಲಿ ಎಂಬ ಒಂದು ಸಲಹೆ ಅಂಥ ಊರಿಗೆ ಲಕ್ಷ ರೂಪಾಯಿಯ ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡಬಹುದು. ಮೂರು ಊರುಗಳಿಗೂ "ನೀರು ಕುದಿಸಿ ಕುಡಿಯಿರಿ" ಎಂಬ ಒಂದೇ ಭಿತ್ತಿಪತ್ರ ಹಚ್ಚಿ ಕೈತೊಳೆದುಕೊಂಡರೆ ಎರಡು ಊರಿಗಾದರೂ ಅದು ಅರ್ಧ ಉತ್ತರ.

ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದನ್ನೂ ಹೇಳಲೇಬೇಕು. 2007ರಿಂದ 2011ರವರೆಗೆ ಏಷ್ಯಾ, ಆಫ್ರಿಕಾಗಳ ಏಳು ಕಡೆ, ನಮ್ಮ ದೇಶದ ಕೋಲ್ಕತ್ತವೂ ಸೇರಿ, ಜೆಮ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಭೇದಿಯಾದ 9,439 ಮಕ್ಕಳನ್ನೂ, ಅದೇ ಓಣಿಗಳಲ್ಲಿ ಚೆನ್ನಾಗಿ ಆಡಿಕೊಂಡಿದ್ದ 13,129 ಮಕ್ಕಳನ್ನೂ ಪರೀಕ್ಷಿಸಿದರು. ಭೇದಿಯಾದ ಮಕ್ಕಳಲ್ಲಿ ನೂರಕ್ಕೆ 83 ಮಂದಿಯಲ್ಲಿ ಒಂದಲ್ಲ ಒಂದು ರೋಗಾಣು ಸಿಕ್ಕಿತು. ಆರೋಗ್ಯವಂತ ಮಕ್ಕಳಲ್ಲಿ? ನೂರಕ್ಕೆ 72! ಇದಕ್ಕೂ ಹಿಂದೆ, 1980ರ ದಶಕದ ಕೊನೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ದುರ್ಗಾ ರಾವ್ ಮತ್ತು ಸಂಗಡಿಗರು ಬೆಂಗಳೂರಿನ ನವಜಾತ ಶಿಶುಗಳಲ್ಲಿ ಒಂದು ರೋಟಾವೈರಸ್ ಕಂಡಿದ್ದರು. ಐ321 ಎಂದು ಅದಕ್ಕೆ ಹೆಸರಿಟ್ಟರು. ದನಗಳ ವೈರಸ್ಸಿನ ಜೀನುಗಳು ಅದರಲ್ಲಿದ್ದವು, ಆದರೆ ಆ ಶಿಶುಗಳಿಗೆ ಭೇದಿಯೇ ಇರಲಿಲ್ಲ. ವೈರಸ್ಸಿಗೆ ಹೇಳಿದ್ದು ಬ್ಯಾಕ್ಟೀರಿಯಾಕ್ಕೂ ಸಲ್ಲುತ್ತದೆ: ಹೊಟ್ಟೆಯಲ್ಲಿ ಇರುವುದೆಲ್ಲ ರೋಗಕ್ಕೆ ಕಾರಣವಲ್ಲ.

ಹಾಗಾದರೆ ಅಪರಾಧಿ ಯಾರೆಂದು ತಿಳಿಯುವುದು ಹೇಗೆ? ಪ್ರಮಾಣದಿಂದ. ಕೊರೊನಾ ವರದಿಯಲ್ಲಿ ಸಿಟಿ ವ್ಯಾಲ್ಯೂ ಎಂದು ಒಂದು ಅಂಕಿ ಇರುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಎಷ್ಟನೇ ಸುತ್ತಿಗೆ ಜೀನ್ ಕಣ್ಣಿಗೆ ಬಿತ್ತು ಎಂಬ ಲೆಕ್ಕ ಅದು. ಅಂಕಿ ಕಡಿಮೆಯಿದ್ದಷ್ಟೂ ರೋಗಾಣು ಹೆಚ್ಚು. ಜೆಮ್ಸ್ ಅಧ್ಯಯನದ ಮಾದರಿಗಳನ್ನು ಇದೇ ವಿಧಾನದಿಂದ ಮತ್ತೆ ಅಳೆದು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಸಲ ಸುಮಾರು ಅರ್ಧದಷ್ಟು ಭೇದಿಗೆ ಮಾತ್ರ ಕಾರಣ ಸಿಕ್ಕಿತ್ತು, ಎರಡನೇ ಸಲ ನೂರಕ್ಕೆ 89ರಷ್ಟಕ್ಕೆ ಸಿಕ್ಕಿತು. ಶಿಗೆಲ್ಲಾದ ಪಾಲು ಮೊದಲು ತಿಳಿದಿದ್ದಕ್ಕಿಂತ ಸುಮಾರು ಎರಡು ಪಟ್ಟು ಎಂದು ಗೊತ್ತಾಯಿತು. ಆದ್ದರಿಂದ ಒಂದು ಊರಿನಲ್ಲಿ ಪರೀಕ್ಷೆ ಮಾಡುವುದಾದರೆ ಜುಲಾಬಿನ ಮಕ್ಕಳದಷ್ಟೇ ಅಲ್ಲ, ಅದೇ ಓಣಿಯ ಗಟ್ಟಿಮುಟ್ಟಾದ ಮಕ್ಕಳ ಮಾದರಿಯನ್ನೂ ತೆಗೆಯಬೇಕು. ಪಕ್ಕದಲ್ಲಿ ಹೋಲಿಕೆ ಇಲ್ಲದ ಪರೀಕ್ಷೆ ಇಡೀ ಊರನ್ನೇ ಸುಮ್ಮನೆ ಹೆದರಿಸುತ್ತದೆ.

ಚೆನ್ನಾಗಿ ಆಡಿಕೊಂಡಿರುವ ಮಗುವಿನ ಹೊಟ್ಟೆಯ ಜೀವಾಣುವನ್ನು ಹಾಗೆಯೇ ಬಿಡಬಹುದೇ? ಅದೂ ಅಷ್ಟು ಸಲೀಸಲ್ಲ. ನಮ್ಮ ವೆಲ್ಲೂರಿನವರೂ ಸೇರಿದಂತೆ ಎಂಟು ದೇಶಗಳ ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಮಾಲ್-ಎಡ್ ಅಧ್ಯಯನದಲ್ಲಿ, ಜುಲಾಬು ತರದೆಯೇ ಕರುಳಲ್ಲಿ ಉಳಿದ ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಮತ್ತು ಗುಂಪುಗೂಡುವ ಇ. ಕೋಲಿಗಳಿಗೂ ಮಕ್ಕಳ ಬೆಳವಣಿಗೆ ಕುಂಠಿತವಾಗುವುದಕ್ಕೂ ನಂಟು ಕಂಡುಬಂದಿದೆ. ಅಂಗನವಾಡಿಯಲ್ಲಿ ಮೊಟ್ಟೆ, ಹಾಲು ಕೊಟ್ಟರೂ ಮಗುವಿನ ತೂಕ, ಎತ್ತರ ಏರದಿದ್ದರೆ ತಾಯಿಯನ್ನು ಬೈಯುವ ಮೊದಲು ಇದನ್ನು ನೆನೆಯಬೇಕು.

ಇನ್ನೊಂದು ಮಿತಿಯಿದೆ. ಪಿಸಿಆರ್ ಜೀವಾಣುವಿನ ಹೆಸರು ಹೇಳುತ್ತದೆ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂಬುದನ್ನು ಪೂರ್ತಿ ಹೇಳಲಾರದು. ಅದಕ್ಕೆ ಇಂದಿಗೂ ತಟ್ಟೆಯಲ್ಲಿ ಬೆಳೆಸಿಯೇ ನೋಡಬೇಕು. ಮಲದಲ್ಲಿ ರಕ್ತ ಕಂಡ ಮಗುವಿಗೆ ಆಂಟಿಬಯಾಟಿಕ್ ಬೇಕಾಗುತ್ತದೆ, ಆದರೆ ಹಿಂದೆ ಕೆಲಸ ಮಾಡುತ್ತಿದ್ದ ಹಲವು ಮಾತ್ರೆಗಳಿಗೆ ಶಿಗೆಲ್ಲಾ ಈಗ ಜಗ್ಗುವುದಿಲ್ಲ. ಬರೀ ನೀರಿನಂಥ ಭೇದಿಗೆ ಆಂಟಿಬಯಾಟಿಕ್ ಸಾಮಾನ್ಯವಾಗಿ ಬೇಕಿಲ್ಲ. ಹೀಗಿದ್ದರೂ ಅಂಗಡಿಯಲ್ಲಿ ಕೇಳಿದೊಡನೆ ಸಿಗುತ್ತದೆ. ಜುಲಾಬನ್ನು ಒಮ್ಮೆಲೇ ಕಟ್ಟಿಹಾಕುವ ಮಾತ್ರೆಗಳನ್ನಂತೂ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಕರುಳು ಸ್ತಬ್ಧವಾಗಿ ಹೊಟ್ಟೆಯುಬ್ಬರ ಬಂದು ಪ್ರಾಣಕ್ಕೇ ಎರವಾಗಬಹುದು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಈಗ ಡಂಬಳದ ಮಾತು. ನೀರಿನ ಬೆಲೆಯನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡಬಸಪ್ಪನ ನಕ್ಷತ್ರಾಕಾರದ ಗುಡಿ ಕಟ್ಟಿದ ಚಾಲುಕ್ಯರ ಕಾಲದ ಊರು ಇದು. ಇಲ್ಲಿಯ ಜಪದ ಬಾವಿಯಲ್ಲಿ ಮೆಟ್ಟಿಲಿಳಿದು ಹೋದರೆ ಗೋಡೆಯ ಗೂಡುಗಳಲ್ಲಿ ಜಪಕ್ಕೆ ಕೂರಲು ಜಾಗ ಮಾಡಿದ್ದಾರೆ. ನೀರಿನ ಸುತ್ತ ಮಡಿ ಇಟ್ಟುಕೊಂಡಿದ್ದ ಜನ. ನಮ್ಮ ಕಾಲಕ್ಕೆ ಕೊಳವೆಬಾವಿಗಳು ಬಂದವು, ಅವುಗಳ ಜೊತೆಗೆ ಮುಂಡರಗಿ ತಾಲ್ಲೂಕಿನ ಫ್ಲೋರೈಡ್ ನೀರೂ ಬಂತು. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ನೋಡಿ ಜನ ಎಚ್ಚೆತ್ತರು, ಶುದ್ಧ ನೀರಿನ ಘಟಕಗಳು ಬಂದವು, ಹೊಳೆಯ ನೀರಿನ ಯೋಜನೆಗಳು ಬಂದವು. ಫ್ಲೋರೈಡ್ ಹಲ್ಲಿನಲ್ಲಿ ಕಾಣುತ್ತದೆ, ಇ. ಕೋಲಿ ಎಲ್ಲಿಯೂ ಕಾಣುವುದಿಲ್ಲ. ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನು ಹರವಿಗೆ ಸುರಿದು, ಅದರಲ್ಲಿ ಚರಗಿಯ ಸಮೇತ ಕೈ ಅದ್ದಿದರೆ ಘಟಕ ಮಾಡಿದ ಕೆಲಸ ಅಲ್ಲಿಗೇ ಮುಗಿಯಿತು.

ನಳದ ನೀರಿಗೂ ಒಂದು ಗಂಡಾಂತರವಿದೆ. ನಮ್ಮ ಭಾಗದ ಬಹಳ ಊರುಗಳಲ್ಲಿ ನೀರಿನ ಒತ್ತಡ ಸಾಲದೆ ಮನೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ನಳವನ್ನು ಅದರೊಳಗೆ ಇಳಿಸಿಕೊಂಡಿರುತ್ತಾರೆ. ನೀರು ಬಿಟ್ಟಾಗ ಆ ಗುಂಡಿಯಲ್ಲಿ ಕೊಡ ಇಟ್ಟು ತುಂಬಿಕೊಳ್ಳುತ್ತಾರೆ. ಪಕ್ಕದಲ್ಲೇ ಗಟಾರ. ಮಳೆ ಬಂದರೆ ಗುಂಡಿ ತುಂಬಿ ನಳದ ಬಾಯಿ ಮುಳುಗುತ್ತದೆ. ನೀರು ನಿಲ್ಲಿಸಿದಾಗ ಖಾಲಿಯಾಗುವ ಪೈಪು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಗುಂಡಿಯಲ್ಲಿದ್ದದ್ದು ಪೈಪಿನೊಳಗೆ ಹೋಗುತ್ತದೆ. ಮರುದಿನ ಮೊದಲ ಕೊಡದಲ್ಲಿ ಅದೇ ಹೊರಬರುತ್ತದೆ, ನಾಲ್ಕು ಮನೆ ಆಚೆ. ಗುಂಡಿ ಮುಚ್ಚಿಸುವುದಕ್ಕೆ ಯಾವ ಪಿಸಿಆರ್ ವರದಿಯೂ ಬೇಕಿಲ್ಲ. ನಳದ ಕೊನೆಯ ಮನೆಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ಬಣ್ಣ ನೋಡಿ ತಿಳಿಯುವ ಸಣ್ಣ ಪೆಟ್ಟಿಗೆ ಪಂಚಾಯಿತಿಗಳಲ್ಲೇ ಇರುತ್ತದೆ.

ಯಂತ್ರ ಎಲ್ಲಿದೆ ಎಂದು ಕೇಳಬಹುದು. 2020ರಲ್ಲಿ ಕೊರೊನಾ ಬಂದಾಗ ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ನಾವೆಲ್ಲ ಜಿಮ್ಸ್ ಎನ್ನುವ ಸಂಸ್ಥೆಯಲ್ಲಿ, ಪಿಸಿಆರ್ ಪರೀಕ್ಷೆ ಶುರುವಾಯಿತು. ಡಂಬಳದಿಂದ ಅಲ್ಲಿಗೆ ಒಂದು ಗಂಟೆಯ ದಾರಿಯೂ ಅಲ್ಲ. ಮೂಗಿನ ದ್ರವದಲ್ಲಿ ವೈರಸ್ ಹುಡುಕುವ ಯಂತ್ರವೇ ಮಲದಲ್ಲಿ ಬ್ಯಾಕ್ಟೀರಿಯಾವನ್ನೂ ಹುಡುಕಬಲ್ಲದು. ಬದಲಾಗಬೇಕಾದದ್ದು ಕೊಳವೆಯಲ್ಲಿ ಹಾಕುವ ಸಾಮಗ್ರಿ ಮತ್ತು ಮಾದರಿ ತೊಳೆಯುವ ಕ್ರಮ. ಇಪ್ಪತ್ತೆರಡು ರೋಗಾಣುಗಳನ್ನು ಒಂದು ಗಂಟೆಯಲ್ಲಿ ಹೇಳುವ ವಿದೇಶಿ ಕಿಟ್‌ಗಳಿವೆ, ಒಂದು ಪರೀಕ್ಷೆಗೆ ಹಲವು ಸಾವಿರ ರೂಪಾಯಿ ಬೀಳುತ್ತದೆ. ಅವು ನಮಗೆ ಬೇಕಿಲ್ಲ. ಐದಾರು ಜೀನುಗಳ ಮಲ್ಟಿಪ್ಲೆಕ್ಸ್ ಪರೀಕ್ಷೆಗೆ ಅದಕ್ಕಿಂತ ಎಷ್ಟೋ ಕಡಿಮೆ ಖರ್ಚು. ಪ್ರತಿ ಮಗುವಿಗೂ ಮಾಡಬೇಕಾಗಿಲ್ಲ. ಡಂಬಳದಂಥ ಕೆಲವು ಊರುಗಳನ್ನು ಆರಿಸಿಕೊಂಡು, ಮಳೆಗಾಲದಲ್ಲೂ ಬೇಸಿಗೆಯಲ್ಲೂ ಒಂದಿಷ್ಟು ಮಾದರಿ ತೆಗೆದು, ಫಲಿತಾಂಶವನ್ನು ಜಿಲ್ಲಾ ಸರ್ವೇಕ್ಷಣಾ ಘಟಕದ ಮೂಲಕ ಪಂಚಾಯಿತಿಗೆ ತಲುಪಿಸಿದರೆ ಸಾಕು. ಪಂಚಾಯಿತಿಗೆ ತಲುಪದ ವರದಿ ಯಾವ ಮಗುವಿನ ಹೊಟ್ಟೆಯನ್ನೂ ಕಾಯುವುದಿಲ್ಲ, ಅದಕ್ಕಾಗಿ ಈ ಕೊನೆಯ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟು. ಒಂದೇ ಓಣಿಯಲ್ಲಿ ಎರಡು ಮೂರು ಮನೆಗೆ ವಾಂತಿಭೇದಿ ಹತ್ತಿದರೆ ಮುಚ್ಚಿಡಬೇಡಿ, ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮಗುವಿನ ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯಲಾರದೆ ಮಂಕಾಗಿ ಮಲಗಿದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಕರೆ ಮಾಡಿ. ದಾರಿಯಲ್ಲೂ ಓಆರ್‌ಎಸ್ ಚಮಚೆ ನಿಲ್ಲದಿರಲಿ. ಆಸ್ಪತ್ರೆಯವರು ಮಲದ ಮಾದರಿ ಕೇಳಿದರೆ ಸಂಕೋಚಪಡದೆ, ಆಂಟಿಬಯಾಟಿಕ್ ಕೊಡುವ ಮೊದಲೇ ಕೊಡಿ. ರೋಟಾವೈರಸ್ ಲಸಿಕೆ ಕೂಸಿಗೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಸರ್ಕಾರದಿಂದ ಪುಕ್ಕಟೆಯಾಗಿ ಸಿಗುತ್ತದೆ, ತಪ್ಪಿಸಬೇಡಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದೀಪಗಳ ಜೊತೆಗೆ ಒಂದು ಪ್ರಶ್ನೆ ಕೇಳಿ: ಹೋದ ಮಳೆಗಾಲದಲ್ಲಿ ನಮ್ಮ ಮಕ್ಕಳಿಗೆ ಜುಲಾಬು ಹತ್ತಿದ್ದು ಯಾವ ರೋಗಾಣುವಿನಿಂದ, ಅದನ್ನು ಪರೀಕ್ಷಿಸಿದವರು ಯಾರು, ವರದಿ ಎಲ್ಲಿದೆ? ಆ ಉತ್ತರವನ್ನು ಲಿಖಿತವಾಗಿ ಕೇಳಿ ಪಡೆಯಿರಿ.